ಮುಖಪುಟದ ಹೆಂಗಸು

ಹೆಂಗಸರ ಪತ್ರಿಕೆ ಬಂತು, ನಮ್ಮ ಕಕ್ಕಸು ಹೋಯಿತು. ತಮಾಷೆಗೆ ಹೇಳುತ್ತಿಲ್ಲ. ನಡೆದದ್ದೇ ಹಾಗೆ.

ಆಗಿನ್ನೂ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ನಮ್ಮ ಪ್ರೆಸ್ಸು ಒಂದು ಹಳೆಯ ಗೋದಾಮು. ಮುಂದೆ ಮೊಳೆ ಜೋಡಿಸುವವರು, ನಡುವೆ ಅಚ್ಚಿನ ಮಷೀನು, ಹಿಂದೆ ಕಿಟಕಿ ಇಲ್ಲದ ಜಾಗದಲ್ಲಿ ನಾವು, ಬೈಂಡಿಂಗಿನ ಹೆಂಗಸರು. ಅಚ್ಚಾದ ದೊಡ್ಡ ಹಾಳೆ ನಮ್ಮ ಮೇಜಿಗೆ ಬರುತ್ತದೆ. ಅದನ್ನು ಮಡಿಸಿ, ಮತ್ತೆ ಮಡಿಸಿ, ಮತ್ತೆ ಮಡಿಸಿ ಉಜ್ಜಿದರೆ ಒಂದು ಫಾರಂ. ಫಾರಂಗಳನ್ನು ಮೇಜಿನ ಸುತ್ತ ಗುಡ್ಡೆ ಹಾಕಿ, ಒಂದೊಂದನ್ನೇ ಎತ್ತಿಕೊಳ್ಳುತ್ತ ಮೇಜು ಸುತ್ತಿದರೆ ಒಂದು ಪತ್ರಿಕೆ. ಮೇಲೆ ಮುಖಪುಟ ಹೊದಿಸಿ, ಬೆನ್ನಿಗೆ ಪಿನ್ನು ಹೊಡೆದು, ಅಂಚು ಕತ್ತರಿಸಲು ನಮ್ಮಣ್ಣನ ಮಷೀನಿಗೆ ಕಳಿಸಬೇಕು. ಬೆಳಗಿನಿಂದ ಸಂಜೆಯ ತನಕ ಸುತ್ತುವುದೇ ಕೆಲಸ. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಕಾಗದದ ಅಂಚು ಬೆರಳಿನ ಸಂದುಗಳನ್ನೆಲ್ಲ ಕುಯ್ದಿರುತ್ತಿತ್ತು. ಗಾಣದ ಎತ್ತಾದರೂ ನಡುವೆ ನಿಂತು ಉಚ್ಚೆ ಹೊಯ್ಯುತ್ತದೆ. ನಮಗೆ ಅದೂ ಇರಲಿಲ್ಲ.

ಮೊದಲು ಇತ್ತು. ಹಿತ್ತಲಲ್ಲಿ ತಗಡಿನ ಬಾಗಿಲಿನ ಒಂದು ಕಕ್ಕಸು. ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಒಳಗಿದ್ದವಳು ಒಂದು ಕೈಯಲ್ಲಿ ಬಾಗಿಲು ಎಳೆದು ಹಿಡಿದು ಏನಾದರೂ ಗುನುಗುತ್ತಿರಬೇಕು, ಒಳಗೆ ಆಳಿದೆ ಎಂದು ಹೊರಗಿನವರಿಗೆ ಗೊತ್ತಾಗಲು. ಗಂಡಸರಿಗೆ ಹಿಂದಿನ ಗೋಡೆ ಇತ್ತು. ಗಂಡಸರಿಗೆ ಲೋಕದ ಗೋಡೆಗಳೆಲ್ಲ ಇವೆ. ಆ ಕಟ್ಟಡದಲ್ಲಿ ಹೆಂಗಸರದು ಎನ್ನುವುದಕ್ಕೆ ಆ ತಗಡಿನ ಬಾಗಿಲೊಂದೇ ಇತ್ತು.

ಯಜಮಾನ ಜೋರಾಗಿ ನಗುವ ಮನುಷ್ಯ. ಅಗಲ ಕಾಲಿನ ಪ್ಯಾಂಟು, ಕಿವಿ ಮುಚ್ಚುವ ಕೂದಲು. 'ಕಣ್ಸನ್ನೆ' ಎಂಬ ಪತ್ರಿಕೆಯಿಂದ ಮೇಲೆ ಬಂದವನು. ಅದರಲ್ಲಿ ಓದುವುದಕ್ಕೆ ಏನೂ ಇರುತ್ತಿರಲಿಲ್ಲ, ಬರೀ ಅರೆಬೆತ್ತಲೆ ಹುಡುಗಿಯರ ಚಿತ್ರ. ಆ ಹೊತ್ತಿಗೆ ಓದಿದ ಹೆಣ್ಣುಮಕ್ಕಳು ಬೀದಿಗಿಳಿದು ಸಮಾನತೆ ಎಂದು ಕೂಗತೊಡಗಿದ್ದರು. ಗಾಳಿ ಬಂದಾಗ ತೂರಿಕೊಳ್ಳುವುದು ನಮ್ಮ ಯಜಮಾನನಿಗೆ ಚೆನ್ನಾಗಿ ಗೊತ್ತು. 'ಸಮಪಾಲು' ಎಂದು ಹೆಂಗಸರ ಪತ್ರಿಕೆ ಶುರು ಮಾಡಿಯೇಬಿಟ್ಟ.

"ಒಂದರಲ್ಲಿ ಹೆಂಗಸರ ಬಟ್ಟೆ ಬಿಚ್ಚಿಸ್ತೀನಿ, ಇನ್ನೊಂದರಲ್ಲಿ ಸಂಕೋಲೆ ಬಿಚ್ಚಿಸ್ತೀನಿ. ನನ್ನಿಂದ ಯಾರಿಗೂ ಅನ್ಯಾಯ ಆಗಬಾರದು ನೋಡಿ" ಎಂದು ಅಚ್ಚಿನ ಮಷೀನಿನ ಪಕ್ಕ ನಿಂತು ನಕ್ಕ. ಗಂಡಸರು ನಕ್ಕರು. ನಾವೂ ನಕ್ಕೆವು. ಯಜಮಾನ ನಗುವಾಗ ಆಳು ಸುಮ್ಮನಿದ್ದರೆ ಆಗುತ್ತದೆಯೇ?

ಗೋದಾಮಿನ ಮರದ ಮಹಡಿಗೆ ಬಣ್ಣ ಬಳಿಸಿದರು. ಟೈಪ್‌ರೈಟರ್ ಬಂತು, ಟೆಲಿಫೋನ್ ಬಂತು, ಓದಿದ ಹೆಂಗಸರು ಬಂದರು. ಪ್ಯಾಂಟು ಹಾಕುವವರು, ಗಂಡಸರ ಮುಂದೆಯೇ ಸಿಗರೇಟು ಸೇದುವವರು. ನಮಗೆ ಬೆರಗು. ನಿಜ ಹೇಳಬೇಕೆಂದರೆ ಹೆಮ್ಮೆಯೂ ಆಯಿತು. ಸಂಪಾದಕಿ ಮೊದಲ ದಿನವೇ ಕೆಳಗಿಳಿದು ಬಂದು ಒಬ್ಬೊಬ್ಬರ ಕೈ ಹಿಡಿದು ಕುಲುಕಿದಳು. ಗೋಂದಜ್ಜಿ ಅಂಟು ಮೆತ್ತಿದ ಕೈಯನ್ನು ಹಿಂದಕ್ಕೆಳೆದುಕೊಂಡರೂ ಬಿಡಲಿಲ್ಲ. ಅಂಟು ಕಲಸಿ ಕಲಸಿ ಮುದುಕಿಯಾದ ಅವಳಿಗೆ ಗೋಂದಜ್ಜಿ ಎಂದೇ ಹೆಸರಾಗಿತ್ತು.

"ನನ್ನನ್ನ ಮೇಡಂ ಅನ್ನಬೇಡಿ. ಅಕ್ಕ ಅನ್ನಿ. ನಾವೆಲ್ಲ ಒಂದೇ" ಎಂದಳು ಸಂಪಾದಕಿ.

ಅವತ್ತಿನಿಂದ ಅವಳು ನಮ್ಮ ಬಾಯಲ್ಲಿ ಮಹಡಿ ಅಕ್ಕ.

ಮಹಡಿಯ ಮೇಲೆ ಕಕ್ಕಸು ಇರಲಿಲ್ಲ. ಹೊಸದು ಕಟ್ಟಿಸಬೇಕಿತ್ತು. ಯಜಮಾನ ಕಟ್ಟಿಸಲಿಲ್ಲ. ನಮ್ಮದನ್ನೇ ಸರಿಮಾಡಿಸಿದ. ತಗಡಿನ ಬಾಗಿಲು ತೆಗೆಸಿ ಮರದ ಬಾಗಿಲು ಇಟ್ಟ. ಗೋಡೆಗೆ ಬಿಳಿಯ ಟೈಲ್ಸು, ಒಂದು ಕನ್ನಡಿ, ಕೂರುವುದಕ್ಕೆ ಕುರ್ಚಿಯಂಥ ಕಮೋಡು. ಚಿಲಕ ಹೊಸದು. ಬಾಗಿಲ ಮೇಲೆ ನೀಲಿ ಅಕ್ಷರದಲ್ಲಿ 'ಮಹಿಳೆಯರಿಗೆ' ಎಂದು ಬರೆಸಿದ. ನಾವು ಹಿಗ್ಗಿದೆವು. ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಹಿತ್ತಾಳೆಯ ಬೀಗ. ಬೀಗದ ಕೈ ಮಹಡಿಯ ಮೇಲೆ, ಸಂಪಾದಕಿಯ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿದೆ.

"ಮಹಿಳೆಯರಿಗೆ ಅಂತ ಬರೆದಿದೆಯಲ್ಲಾ?" ಎಂದು ನಾನು ನಮ್ಮ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯನ್ನು ಕೇಳಿದೆ.

ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ಹೇಳಿದ: "ಹೌದು. ನೀವು ಹೆಂಗಸರು."

ಮೊದಲ ಸಂಚಿಕೆಯಲ್ಲಿ ಒಂದು ಪುಟ ಬಂತು. ಹೆಂಗಸರಿಗಾಗಿಯೇ ಪ್ರತ್ಯೇಕ ಶೌಚಾಲಯ ಕಟ್ಟಿಸಿದ ಹೆಮ್ಮೆಯ ಮುದ್ರಣಾಲಯ ನಮ್ಮದು, ಉಳಿದವರೂ ನಮ್ಮನ್ನು ನೋಡಿ ಕಲಿಯಲಿ, ಎಂದು. ಆ ಹಾಳೆ ಮಡಿಸಿದ್ದು ನಾನೇ. ನನಗೆ ಓದು ಬರುತ್ತಿತ್ತು. ಮೇಜಿನ ಸುತ್ತ ಇರುವವರಿಗೆಲ್ಲ ಓದಿ ಹೇಳುವುದು ನನ್ನ ಕೆಲಸ. ದೊಡ್ಡ ಹಾಳೆಯಲ್ಲಿ ಪುಟಗಳು ಹಿಂದುಮುಂದು ಇರುತ್ತವೆ, ಕೆಲವು ತಲೆಕೆಳಗು. ಹಾಗಾಗಿ ಯಾವ ಲೇಖನದ ಕೊನೆಯಾದರೂ ನಮಗೆ ಮೊದಲೇ ಗೊತ್ತಾಗುತ್ತಿತ್ತು. ಸಮಪಾಲಿನ ಲೇಖನಗಳೆಲ್ಲ 'ಬನ್ನಿ, ಎದ್ದೇಳಿ' ಎಂದು ಮುಗಿಯುತ್ತಿದ್ದವು.

"ಎದ್ದೇ ಇದ್ದೀವಲ್ಲ, ಬೆಳಗಿನಿಂದ" ಎನ್ನುತ್ತಿದ್ದಳು ಅತ್ತಿಗೆ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಅಣ್ಣ ಕಟಿಂಗ್ ಮಷೀನಿನಲ್ಲಿ, ಅತ್ತಿಗೆಯೂ ನಾನೂ ಬೈಂಡಿಂಗಿನಲ್ಲಿ. ಅತ್ತಿಗೆಗೆ ನಾಲಿಗೆ ಚೂಪು, ಕೈ ಅದಕ್ಕಿಂತ ಚುರುಕು. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಆಗ ಬಸಿರು ನಿಂತಿತ್ತು. ಅಮ್ಮ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅಣ್ಣ ಹಳೆಯ ಕಾಗದದ ಪೆಟ್ಟಿಗೆಯೊಂದನ್ನು ಉಜ್ಜಿ ಉಜ್ಜಿ ನುಣುಪು ಮಾಡಿ, ಮಗು ಮಲಗಿಸಲು ಎಂದು ಮೂಲೆಯಲ್ಲಿ ಇಟ್ಟಿದ್ದ.

ಬೀಗ ಬಿದ್ದ ಮೇಲೆ ನಾವು ಹೋಗುತ್ತಿದ್ದದ್ದು ರಸ್ತೆಯಾಚೆಯ ಮರದ ಡಿಪೋ ಹಿಂದಕ್ಕೆ. ಒಬ್ಬಳು ಕೂತರೆ ಇನ್ನೊಬ್ಬಳು ಬಟ್ಟೆ ಅಡ್ಡ ಹಿಡಿಯಬೇಕು. ಲಾರಿಯವರಿಗೆ ನಮ್ಮ ಹೊತ್ತು ಗೊತ್ತಾಗಿಬಿಟ್ಟಿತ್ತು. ಅವರು ಸಿಳ್ಳೆ ಹೊಡೆಯುತ್ತಿದ್ದರು, ಹಾರ್ನ್ ಒತ್ತುತ್ತಿದ್ದರು, ಒಬ್ಬನಂತೂ ಲಾರಿಯ ಮೇಲೆ ಹತ್ತಿ ನಿಲ್ಲುತ್ತಿದ್ದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆಮೇಲೆ ಮೇಸ್ತ್ರಿ ಅದಕ್ಕೂ ತಕರಾರು ತೆಗೆದ. ಊಟದ ಹೊತ್ತಿನಲ್ಲಿ ಮಾತ್ರ ಗೇಟು ದಾಟಬೇಕು ಎಂದ. ನಾವು ನೀರು ಕುಡಿಯುವುದನ್ನೇ ಬಿಟ್ಟೆವು. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ ಉಗುಳಿದರೆ ಮುಗಿಯಿತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಒಬ್ಬೊಬ್ಬರಿಗೂ ಉರಿಮೂತ್ರ. ಹೇಳಿಕೊಳ್ಳುವುದಕ್ಕೆ ನಾಚಿಕೆ. ಯಾರಿಗೆ ನಾಚಿಕೆಯಾಗಬೇಕಿತ್ತೋ ಅವರಿಗೆ ಇರಲಿಲ್ಲ.

ಬಸುರಿಗೆ ಹಿಡಿದುಕೊಳ್ಳುವುದಕ್ಕೆ ಆಗುತ್ತದೆಯೇ? ಅತ್ತಿಗೆ ಮೇಜಿನ ಅಂಚು ಹಿಡಿದು ತುಟಿ ಕಚ್ಚುವುದನ್ನು ನೋಡಿ ನೋಡಿ ಸಾಕಾಗಿ, ಅವಳನ್ನು ಕರೆದುಕೊಂಡು ನಾನೇ ಮಹಡಿ ಹತ್ತಿದೆ.

ಮಹಡಿ ಅಕ್ಕ ಎದ್ದು ನಿಂತು ಕುರ್ಚಿ ಕೊಟ್ಟಳು. ಎಲ್ಲವನ್ನೂ ಕೇಳಿದಳು. ಕಣ್ಣು ತುಂಬಿಕೊಂಡಳು. "ಎಂಥ ಅನ್ಯಾಯ! ನಾನು ಯಜಮಾನರ ಹತ್ರ ಮಾತಾಡ್ತೀನಿ" ಎಂದಳು.

"ಅಲ್ಲಿಯ ತನಕ ಆ ಬೀಗದ ಕೈ..." ಎಂದೆ ನಾನು. ಅದು ಅವಳ ತಲೆಯ ಹಿಂದೆಯೇ ನೇತಾಡುತ್ತಿತ್ತು.

ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. "ತಪ್ಪು ತಿಳ್ಕೋಬೇಡಿ. ಕಮೋಡು ಅಭ್ಯಾಸ ಇರಬೇಕು. ಅಂಟು, ಮಸಿ ಎಲ್ಲ ಆದರೆ ತೊಳೆಯೋರು ಯಾರು?"

ಮಹಡಿ ಅಕ್ಕ ಅವಳತ್ತ ಕಣ್ಣು ಬಿಟ್ಟಳು, ಆದರೆ ಬೀಗದ ಕೈ ಕೊಡಲಿಲ್ಲ. ದನಿ ತಗ್ಗಿಸಿ ಹೇಳಿದಳು: "ನೋಡೀಮ್ಮ, ಈ ಪತ್ರಿಕೆ ನಡೆಸೋಕೆ ನಾನು ಆ ಮನುಷ್ಯನ ಜೊತೆ ದಿನಾ ಗುದ್ದಾಡ್ತಿದ್ದೀನಿ. ಚಿಕ್ಕ ವಿಷಯಕ್ಕೆ ಜಗಳ ತೆಗೆದರೆ ದೊಡ್ಡದು ಕೈ ತಪ್ಪುತ್ತೆ. ಮೊದಲು ಪತ್ರಿಕೆ ಕಾಲೂರಿ ನಿಲ್ಲಲಿ."

"ಅಕ್ಕಾ, ಪತ್ರಿಕೆ ನಿಲ್ಲೋ ತನಕ ನಾನು ಕೂರೋದು ಎಲ್ಲಿ?" ಎಂದಳು ಅತ್ತಿಗೆ.

ಮಹಡಿ ಅಕ್ಕನಿಗೆ ಆ ಮಾತು ಬಹಳ ಹಿಡಿಸಿತು. "ಅದ್ಭುತ! ಇದನ್ನ ಬರೆದಿಟ್ಕೊಳ್ಳಿ" ಎಂದು ಟೈಪಿನವಳಿಗೆ ಹೇಳಿದಳು. ಮುಂದಿನ ಸಂಚಿಕೆಯಲ್ಲಿ ಆ ಮಾತು ದಪ್ಪ ಅಕ್ಷರದಲ್ಲಿ ಬಂತು, ಒಬ್ಬ ದುಡಿಯುವ ಸೋದರಿ ಹೇಳಿದ್ದು ಎಂದು. ನಾವೇ ಮಡಿಸಿದೆವು. ಕೆಲಸ ಮುಗಿಸಿ ಡಿಪೋ ಹಿಂದಕ್ಕೆ ಹೋದೆವು.

"ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ" ಎಂದಳು ಗೋಂದಜ್ಜಿ.

ಅತ್ತಿಗೆಗೆ ಸಣ್ಣಗೆ ಜ್ವರ ಬರತೊಡಗಿತು. ಧರ್ಮಾಸ್ಪತ್ರೆಯ ಡಾಕ್ಟರಮ್ಮ ಚೆನ್ನಾಗಿ ಬೈದಳು. "ನೀರು ಕುಡಿಯಲ್ವಾ ನೀನು? ಹೊಟ್ಟೇಲಿರೋದನ್ನ ಕೊಲ್ಲಬೇಕು ಅಂತ ಇದ್ದೀಯಾ? ತಂಬಿಗೆ ತಂಬಿಗೆ ಕುಡಿ." ಮಾರನೆಯ ದಿನದಿಂದ ಅತ್ತಿಗೆ ಕುಡಿದಳು. ಮಗುವಿನ ಆಸೆ. ಕುಡಿದು ಬಂದು ಮೇಜು ಸುತ್ತಿದಳು.

ಆಗಲೇ ಸಮಪಾಲಿನ ವರ್ಷದ ವಿಶೇಷ ಸಂಚಿಕೆ ಬಂದದ್ದು. ವಿಷಯ: ದುಡಿಯುವ ತಾಯಿ. ಮುಖಪುಟಕ್ಕೆ ನಟಿ ಬೇಡ, ನಿಜವಾದ ಹೆಂಗಸು ಬೇಕು ಎಂದು ಮಹಡಿ ಅಕ್ಕ ಹಟ ಹಿಡಿದಳಂತೆ. ನಿಜವಾದ ಹೆಂಗಸಿಗೆ ದೂರ ಹೋಗಬೇಕಾಗಿರಲಿಲ್ಲ, ಮೆಟ್ಟಿಲಿಳಿದರೆ ಸಾಕಿತ್ತು.

ಕ್ಯಾಮೆರಾದವನನ್ನು ಕರೆದುಕೊಂಡು ಬಂದಳು. ಬಂದವನು ದೊಡ್ಡ ದೀಪಗಳನ್ನು ನಿಲ್ಲಿಸಿದ. ಅತ್ತಿಗೆಯನ್ನು ಮೇಜಿನ ಮುಂದೆ ನಿಲ್ಲಿಸಿ, ತೋಳಿನ ತುಂಬ ಫಾರಂ ಹೇರಿದ. ಹೊಟ್ಟೆ ಕಾಣಬೇಕು, ಫಾರಂ ಇನ್ನೂ ಮೇಲೆ, ಇನ್ನೂ ಮೇಲೆ ಎಂದ. ಕೆನ್ನೆಗೆ ಮಸಿ ಹಚ್ಚಿದ.

"ಬೈಂಡಿಂಗಿನೋರ ಕೆನ್ನೆಗೆ ಮಸಿ ಯಾಕೆ ಬರುತ್ತೆ?" ಎಂದೆ.

"ಫೋಟೋದಲ್ಲಿ ದುಡಿಮೆ ಕಾಣಬೇಕಲ್ಲಮ್ಮ" ಎಂದ.

ಬೆಳಗಿನ ನೀರು ಅತ್ತಿಗೆಯ ಹೊಟ್ಟೆಯಲ್ಲಿತ್ತು. ಅವಳು ಕಾಲು ಬದಲಿಸುತ್ತಿದ್ದಳು. ಅವನು ಅಲ್ಲಾಡಬೇಡ ಎನ್ನುತ್ತಿದ್ದ. ದೀಪದ ಕಾವಿಗೆ ಹಣೆ ಬೆವೆತು ಮಸಿ ಇಳಿಯುತ್ತಿತ್ತು. ಅದು ಅವನಿಗೆ ಇನ್ನೂ ಇಷ್ಟವಾಯಿತು. ಕೊನೆಗೆ ಅತ್ತಿಗೆ ಬಾಯಿಬಿಟ್ಟು ಕೇಳಿದಳು, ಅಷ್ಟೂ ಗಂಡಸರ ಎದುರಿಗೆ.

"ಅಕ್ಕಾ, ನಾನು ಹೋಗಬೇಕು. ಬೀಗದ ಕೈ ಕೊಡಿ. ಕಾಲು ಹಿಡ್ಕೋತೀನಿ."

"ಅಯ್ಯೋ, ಈಗಲಾ? ಈಗಷ್ಟೇ ಆ ಮುಖದಲ್ಲಿ ಏನೋ ಬರ್ತಿದೆ. ಒಂದೇ ಒಂದು ಫೋಟೋ. ಆಮೇಲೆ ನಾನೇ ಬೀಗದ ಕೈ ತಂದು ಕೊಡ್ತೀನಿ. ನನ್ನಾಣೆ" ಎಂದಳು ಮಹಡಿ ಅಕ್ಕ. ಅವಳ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು.

ದೀಪ ಮಿಂಚಿತು. ಅದೇ ಹೊತ್ತಿಗೆ ಅತ್ತಿಗೆಯ ಕಾಲಿನ ಮೇಲೆ ಉಚ್ಚೆ ಇಳಿಯಿತು. ತಡೆಯಲು ಹೋದಳು, ಆಗಲಿಲ್ಲ. ತೋಳಿನ ಫಾರಂಗಳು ಜಾರಿ ಅದರಲ್ಲೇ ಬಿದ್ದವು. ಅಚ್ಚಿನ ಮಷೀನು ನಿಂತಿತು. ಎಲ್ಲರೂ ನೋಡಿದರು. ಕಟಿಂಗ್ ಮಷೀನಿನ ಹತ್ತಿರ ನಿಂತಿದ್ದ ನಮ್ಮಣ್ಣನೂ ನೋಡಿದ. ನೋಡಿ ಆ ಕಡೆ ತಿರುಗಿಕೊಂಡ.

"ಥೂ! ಫಾರಂ ಮೇಲೆ!" ಎಂದು ಮೇಸ್ತ್ರಿ ಕಿರುಚಿದ. "ಒರೆಸು, ಒರೆಸು ಮೊದಲು."

"ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತ ಮಹಡಿ ಅಕ್ಕ ಕ್ಯಾಮೆರಾದವನ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಹೋದಳು. ನಮ್ಮ ಮರ್ಯಾದೆ ಉಳಿಸಲು ಹಾಗೆ ಮಾಡಿದಳಂತೆ. ಬೀಗದ ಕೈ ಬರಲಿಲ್ಲ. ಆ ಹೊಟ್ಟೆ ಹೊತ್ತುಕೊಂಡು ಅತ್ತಿಗೆ ಮಂಡಿಯೂರಿ ನೆಲ ಒರೆಸಿದಳು. ನಾನೂ ಅವಳ ಪಕ್ಕ ಕೂತು ಒರೆಸಿದೆ. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು, ಅವಳು ಅಳಲಿಲ್ಲ. ಒದ್ದೆ ಬಟ್ಟೆಯಲ್ಲೇ ಸಂಜೆಯ ತನಕ ಮೇಜು ಸುತ್ತಿದಳು. ಅವಳು ಹತ್ತಿರ ಬಂದಾಗ ಮೊಳೆ ಜೋಡಿಸುವವರು ಮೂಗು ಮುಚ್ಚಿಕೊಂಡು ನಕ್ಕರು.

ಆಮೇಲೆ ಅತ್ತಿಗೆ ಮತ್ತೆ ನೀರು ಕುಡಿಯುವುದನ್ನು ಬಿಟ್ಟಳು. ನಾನು ಬೈದೆ, ಅಮ್ಮ ಬೈದಳು. "ಇನ್ನೊಂದು ಸಾರಿ ಹಾಗಾದ್ರೆ ನಾನು ಬದುಕಲ್ಲ" ಎಂದಳು. ಜ್ವರ ಏರಿತು. ಸೊಂಟದಲ್ಲಿ ಚಳುಕು ಹಿಡಿದು ಹೆಜ್ಜೆ ಇಡಲಾರದಾದಳು. ಧರ್ಮಾಸ್ಪತ್ರೆಗೆ ಹೊತ್ತುಕೊಂಡೇ ಹೋದೆವು. ಉಚ್ಚೆ ಕಟ್ಟಿ ಕಟ್ಟಿ ನಂಜು ಏರಿದೆ ಎಂದಳು ಡಾಕ್ಟರಮ್ಮ. ತಿಂಗಳು ತುಂಬುವ ಮೊದಲೇ ಮಗು ಹುಟ್ಟಿತು. ಹೆಣ್ಣು. ಮಗು ಅಳಲಿಲ್ಲ. ಅತ್ತಿಗೆಯೂ ಅಳಲಿಲ್ಲ. ಅಣ್ಣ ಅದನ್ನು ಆ ಪೆಟ್ಟಿಗೆಯಲ್ಲೇ ಇಟ್ಟು ಮಣ್ಣು ಮಾಡಿ ಬಂದ.

"ಹಣೆಬರಹ" ಎಂದ ಅಣ್ಣ.

"ಹಣೆಬರಹ ಅಲ್ಲ, ಬೀಗ" ಎಂದೆ ನಾನು. "ಬೀಗ ಹಾಕಿದ ಕೈ ಯಾವುದು ಅಂತ ನಿನಗೂ ಗೊತ್ತು."

"ಬಾಯಿ ಮುಚ್ಚು. ಇರೋ ಮೂರು ಕೆಲಸವೂ ಹೋದರೆ ಮಣ್ಣು ತಿನ್ನಬೇಕಾಗುತ್ತೆ."

ತಪ್ಪು ಅವನದೊಂದೇ ಎಂದು ಹೇಳಲಾರೆ. ಹೆದರಿದ ಮನುಷ್ಯನ ಬಾಯಲ್ಲಿ ಇನ್ನೇನು ಬರುತ್ತದೆ?

ಮೈಯಲ್ಲಿ ಇನ್ನೂ ನಿತ್ರಾಣ ಇರುವಾಗಲೇ ಅತ್ತಿಗೆ ಕೆಲಸಕ್ಕೆ ಬಂದಳು. ಬರದಿದ್ದರೆ ಆ ಜಾಗಕ್ಕೆ ಬೇರೆಯವಳು ಬರುತ್ತಿದ್ದಳು. ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು, ಹಾಲು ಸೋರಬಾರದೆಂದು. ವಿಶೇಷ ಸಂಚಿಕೆಯ ಫಾರಂಗಳೆಲ್ಲ ಸಿದ್ಧವಾಗಿದ್ದವು. ಬಣ್ಣದ ಮುಖಪುಟ ಮಾತ್ರ ಬೇರೆ ಕಡೆ ಅಚ್ಚಾಗಿ ಕಟ್ಟುಕಟ್ಟಾಗಿ ಬಂದಿಳಿಯಿತು. ಮೇಸ್ತ್ರಿ ಕಟ್ಟಿನ ದಾರ ಕತ್ತರಿಸಿ ಮೇಜಿನ ಮೇಲೆ ಹರಡಿದ.

ಅತ್ತಿಗೆಯ ಮುಖ. ಅದೇ ಫೋಟೋ. ಹಲ್ಲು ಕಚ್ಚಿದ್ದಾಳೆ, ಕಣ್ಣು ಮೇಲಕ್ಕೆ ಸಿಕ್ಕಿದೆ, ಕೆನ್ನೆಯ ಮೇಲೆ ಮಸಿ ಹರಿದಿದೆ. ಕೆಳಗೆ ತುಂಬಿದ ಹೊಟ್ಟೆ. ಸೊಂಟದಿಂದ ಕೆಳಗಿನದನ್ನು ಕತ್ತರಿಸಿ ತೆಗೆದಿದ್ದರು. ಮೇಜಿನ ತುಂಬ ಅವಳೇ, ಸಾಲುಸಾಲಾಗಿ.

"ಏನು ಬರೆದಿದೆ, ಓದು" ಎಂದಳು ಅತ್ತಿಗೆ.

ನಾನು ಮುಖಪುಟದ ಕಟ್ಟನ್ನು ಪಕ್ಕಕ್ಕೆ ಸರಿಸಲು ಹೋದೆ.

"ಓದೇ."

"ದುಡಿಯುವ ತಾಯಿ" ಎಂದು ಓದಿದೆ. "ಅವಳ ಕಣ್ಣಲ್ಲಿ ನಾಳೆಯ ಕನಸು."

ಅತ್ತಿಗೆ ಒಂದು ಮುಖಪುಟ ಎತ್ತಿಕೊಂಡಳು. ಆ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಅದನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟಳು.

"ಇದನ್ನ ನಾನು ಹೊದಿಸಲ್ಲ" ಎಂದಳು.

ಮೇಸ್ತ್ರಿಗೆ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದಳು. ನಾನು ಕೈಯಲ್ಲಿದ್ದ ಫಾರಂ ಕೆಳಗಿಟ್ಟೆ. ಗೋಂದಜ್ಜಿ ಅಂಟಿನ ಡಬ್ಬದ ಮುಚ್ಚಳ ಮುಚ್ಚಿದಳು. ಪಿನ್ ಹೊಡೆಯುವವಳು ಮಷೀನಿನಿಂದ ಕಾಲು ತೆಗೆದಳು. ಮೇಜಿನ ಸುತ್ತ ತಿರುಗುತ್ತಿದ್ದ ಹೆಂಗಸರು ಎಲ್ಲಿದ್ದರೋ ಅಲ್ಲೇ ನಿಂತರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಯಜಮಾನ ಬಂದ. ಹಿಂದೆಯೇ ಮಹಡಿ ಅಕ್ಕ ಓಡಿಬಂದಳು. ಕಕ್ಕಸಿನ ಬೀಗದ ವಿಷಯ ನನ್ನಿಂದ ಕೇಳಿ ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕಕ್ಕಸಿಗೋಸ್ಕರ ಮುಷ್ಕರಾನಾ? ಕೂಲಿಗೆ ಮಾಡ್ತಾರೆ, ರಜೆಗೆ ಮಾಡ್ತಾರೆ. ಉಚ್ಚೆಗೆ ಮಾಡಿದೋರು ನೀವೇ ಮೊದಲು!"

ಯಾರೂ ನಗಲಿಲ್ಲ. ಅವನು ನಕ್ಕಾಗ ನಾವು ನಗದೆ ಇದ್ದದ್ದು ಅದೇ ಮೊದಲು. ಅವನ ಮುಖ ಗಂಟಾಯಿತು.

ಮಹಡಿ ಅಕ್ಕ ಅತ್ತಿಗೆಯ ಹೊಟ್ಟೆಯನ್ನು ಆಗ ನೋಡಿದಳು. "ಮಗು...?" ಎಂದಳು.

"ಹೋಯ್ತು" ಎಂದಳು ಅತ್ತಿಗೆ.

ಮಹಡಿ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ನಮ್ಮ ಮೇಜಿಗೇ ಒರಗಿ ಅತ್ತಳು. ನನಗೆ ಕರುಣೆ ಬರಲಿಲ್ಲ, ಮೈ ಉರಿಯಿತು. ಯಾರ ಮಗು ಸತ್ತಿತು, ಯಾರು ಅಳುತ್ತಿದ್ದಾರೆ?

"ನಿನ್ನ ಕಥೆ ನಾನು ಬರೀತೀನಿ" ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ. "ಒಂದಕ್ಷರ ಬಿಡದೆ. ಲೋಕಕ್ಕೆಲ್ಲ ಗೊತ್ತಾಗಲಿ."

"ಬರೆಯೋದು ಬೇಡ ಅಕ್ಕಾ. ಬೀಗದ ಕೈ ತಂದು ಈ ಮೇಜಿನ ಮೇಲಿಡಿ. ನನ್ನ ಮುಖ ನಾನೇ ಮಡಿಸ್ತೀನಿ, ನಾನೇ ಹೊದಿಸ್ತೀನಿ. ಅಷ್ಟೂ ಪತ್ರಿಕೆಗೂ."

ಮಹಡಿ ಅಕ್ಕ ಯಜಮಾನನ ಕಡೆ ನೋಡಿದಳು. ಯಜಮಾನ ತಲೆಯಾಡಿಸಿದ. "ಇವತ್ತು ಕಕ್ಕಸು, ನಾಳೆ ಫ್ಯಾನು, ನಾಡಿದ್ದು ಕುರ್ಚಿ. ಒಂದು ಸಾರಿ ಬಗ್ಗಿದರೆ ತಲೆ ಮೇಲೆ ಕೂರ್ತಾರೆ. ಮೇಡಂ, ನಿಮಗೆ ಇವರ ಬೀಗದ ಕೈ ಬೇಕೋ, ನಿಮ್ಮ ಪತ್ರಿಕೆ ಬೇಕೋ? ಈಗಲೇ ಹೇಳಿಬಿಡಿ."

ಅವಳು ಬಾಯಿ ತೆರೆದಳು. ಮೇಜಿನ ಮೇಲಿದ್ದ ಒಂದು ಮುಖಪುಟ ಎತ್ತಿ ಮತ್ತೆ ಇಟ್ಟಳು. ಆಮೇಲೆ "ಸ್ವಲ್ಪ ಸಮಯ ಕೊಡಿ, ಇಬ್ಬರೂ ಸ್ವಲ್ಪ ಸ್ವಲ್ಪ..." ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಯಜಮಾನ ನಮ್ಮನ್ನೆಲ್ಲ ಗೇಟಿನಿಂದಾಚೆ ಹಾಕಿಸಿದ.

ಕೆಲಸ ನಿಲ್ಲಲಿಲ್ಲ. ಮೊಳೆ ಜೋಡಿಸುವವರನ್ನು, ಮಷೀನಿನವರನ್ನು ಕೂರಿಸಿ ಮುಖಪುಟ ಹೊದಿಸಿದರು. ಅಂಚು ಕತ್ತರಿಸಿದವನು ನಮ್ಮಣ್ಣನೇ. ಮನೆಗೆ ಬಂದವನನ್ನು ನಾನು ಬಾಗಿಲಲ್ಲೇ ತಡೆದೆ.

"ಹೆಂಡತಿ ಮುಖಕ್ಕೆ ಬ್ಲೇಡು ಇಳಿಸಿದೆಯಾ?"

"ಅಂಚು ಮಾತ್ರ ಕತ್ತರಿಸಿದೆ" ಎಂದ. ಹೇಳಿ, ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲ ಮೇಲೆಯೇ ಕುಸಿದು ಕೂತ. ಅತ್ತಿಗೆ ಅವನಿಗೆ ಊಟ ಬಡಿಸಿದಳು.

ಬಿಡುಗಡೆಯ ಸಮಾರಂಭ ಪ್ರೆಸ್ಸಿನ ಹಿತ್ತಲ ಅಂಗಳದಲ್ಲೇ. ಅದರ ಹಿಂದಿನ ದಿನ ಅಣ್ಣ ಯಜಮಾನನ ಮಾತು ಹೊತ್ತುಕೊಂಡು ಬಂದ. ದೊಡ್ಡ ಹೆಸರಿನ ಅತಿಥಿ ಬರುತ್ತಾರೆ, ಹೆಂಗಸರ ಹಕ್ಕಿಗಾಗಿ ಜೀವ ಸವೆಸಿದ ಮುದುಕಿ. ಮುಖಪುಟದ ಹೆಂಗಸನ್ನು ನೋಡಬೇಕು ಎಂದಿದ್ದಾರೆ. ಬೈಂಡಿಂಗಿನವರೆಲ್ಲ ಶುಭ್ರವಾಗಿ ಬಂದು ವೇದಿಕೆಯ ಪಕ್ಕ ನಿಂತು ನಗುನಗುತ್ತ ಪತ್ರಿಕೆ ಹಂಚಬೇಕು.

"ಬಂದು ನಿಂತ್ಕೊಂಡ್ರೆ ಸಾಕಂತೆ. ಎಲ್ಲರಿಗೂ ಕೆಲಸ ವಾಪಸ್" ಎಂದ ಅಣ್ಣ.

ನಾನು ಉಗಿಯಲು ಬಾಯಿ ತೆರೆದೆ. ಅತ್ತಿಗೆ ನನ್ನ ಕೈ ಒತ್ತಿದಳು.

"ಬರ್ತೀವಿ ಅನ್ನು. ನಿಂತ್ಕೋತೀವಿ" ಎಂದಳು.

ಹೋದೆವು. ಅಂಗಳದಲ್ಲಿ ಕುರ್ಚಿ ಹಾಕಿದ್ದರು, ಮೈಕು ಕಟ್ಟಿದ್ದರು. ಅತಿಥಿಗೆ ತೋರಿಸಬೇಕೆಂದು ಕಕ್ಕಸಿನ ಬಾಗಿಲು ತೊಳೆದು, ಬೀಗ ತೆಗೆದು, ಅರ್ಧ ತೆರೆದಿಟ್ಟಿದ್ದರು. ಒಳಗಿನ ಕನ್ನಡಿ ಹೊಳೆಯುತ್ತಿತ್ತು. ಮುದುಕಿ ಅತಿಥಿ ಕೋಲೂರಿಕೊಂಡು ಬಂದರು. ಯಜಮಾನ ಮುಂದೆ ಮುಂದೆ ನಡೆಯುತ್ತ ಮೊದಲು ಅಲ್ಲಿಗೇ ಕರೆತಂದ. "ಹೆಣ್ಣುಮಕ್ಕಳ ಮಾನ ದೊಡ್ಡದು ಅಂತ ನಂಬಿದ ಸಂಸ್ಥೆ ನಮ್ಮದು" ಎಂದ. ಜನ ಚಪ್ಪಾಳೆ ತಟ್ಟಿದರು.

ಮೇಸ್ತ್ರಿ ನಮಗೆ ವೇದಿಕೆಯ ಕಡೆ ಕೈ ತೋರಿಸಿದ. ಅತ್ತಿಗೆ ಆ ಕಡೆ ತಿರುಗಲಿಲ್ಲ. ಯಜಮಾನನ ಪಕ್ಕದಲ್ಲೇ ಹಾದು ನೇರ ಕಕ್ಕಸಿನೊಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಹೊಸ ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಬಾಗಿಲ ಮುಂದೆ ನಾನು ನಿಂತೆ. ನನ್ನ ಹಿಂದೆ ಗೋಂದಜ್ಜಿ. ಅವಳ ಹಿಂದೆ ಪಿನ್ ಹೊಡೆಯುವವಳು. ಹಾಗೇ ಒಬ್ಬರ ಹಿಂದೆ ಒಬ್ಬರು, ಬೈಂಡಿಂಗಿನವರೆಲ್ಲ. ಸಾಲು ಅಂಗಳ ದಾಟಿ ಕುರ್ಚಿಗಳ ನಡುವಿನ ತನಕ ಬಂತು. ಇದೂ ಕಾರ್ಯಕ್ರಮವೇ ಇರಬೇಕು ಎಂದುಕೊಂಡು ಕೆಲವರು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಯಜಮಾನನ ನಗು ಮುಖದ ಮೇಲೆ ಹಾಗೇ ಒಣಗಿತು. ಕೆಲಸ ಹೋಗುತ್ತದೆ ಎಂದು ನಮಗೆ ಗೊತ್ತಿತ್ತು. ಹೋಯಿತು ಕೂಡ. ಆದರೆ ಆ ಗಳಿಗೆಯಲ್ಲಿ ಅಷ್ಟು ಜನರ ಎದುರಿಗೆ ಅವನು ನಮ್ಮನ್ನು ಮುಟ್ಟುವಂತಿರಲಿಲ್ಲ.

ಹೊತ್ತು ಹೋಯಿತು. ಮುದುಕಿ ಅತಿಥಿ ಕೋಲಿನ ಮೇಲೆ ಭಾರ ಬದಲಿಸಿದರು. ದೂರದಿಂದ ಬಂದಿದ್ದರು, ವಯಸ್ಸಾಗಿತ್ತು. ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಒಳಗಿರೋಳು ಬೇಗ ಬರ್ತಾಳೇನಮ್ಮ? ನನಗೂ ಸ್ವಲ್ಪ..."

"ಬರ್ತಾಳೆ ತಾಯಿ. ಸಾಲಲ್ಲಿ ನಿಂತ್ಕೊಳ್ಳಿ" ಎಂದಳು ಗೋಂದಜ್ಜಿ. ಸಿಟ್ಟಿನಿಂದ ಹೇಳಲಿಲ್ಲ. ಸಾಲು ಇದ್ದಾಗ ಯಾರಿಗಾದರೂ ಹೇಳುವ ಹಾಗೆ ಹೇಳಿದಳು.

ಅತಿಥಿ ಒಂದು ಕ್ಷಣ ನಮ್ಮನ್ನೂ ಬಾಗಿಲನ್ನೂ ಯಜಮಾನನನ್ನೂ ನೋಡಿದರು. ಆಮೇಲೆ ಕೋಲೂರುತ್ತ ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಮಹಡಿ ಅಕ್ಕ ವೇದಿಕೆಯ ಮೇಲೆ, ಅತ್ತಿಗೆಯ ಮುಖದ ಪತ್ರಿಕೆಗಳನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು.

ಆಗ ಒಳಗಿನಿಂದ ಸದ್ದು ಬಂತು. ಮೊದಲು ನನಗೆ ಅರ್ಥವಾಗಲಿಲ್ಲ, ಕೊಳಾಯಿ ಏನೋ ಎಂದುಕೊಂಡೆ. ಅತ್ತಿಗೆ ಅಳುತ್ತಿದ್ದಳು. ಮನೆಯಲ್ಲಿ ನಮಗೆಲ್ಲ ಇರುವುದು ಒಂದೇ ಕೋಣೆ. ಅಲ್ಲಿ ಅಮ್ಮ, ಅಣ್ಣ, ನಾನು. ಆಸ್ಪತ್ರೆಯಲ್ಲಿ ಮಂಚಕ್ಕೆ ಮಂಚ ತಾಗಿತ್ತು. ಪ್ರೆಸ್ಸಿನಲ್ಲಿ ಮೇಸ್ತ್ರಿ. ಬಾಗಿಲು ಹಾಕಿಕೊಂಡು ಒಬ್ಬಳೇ ಇರುವ ಜಾಗ ಅವಳಿಗೆ ಅದೇ ಮೊದಲು ಸಿಕ್ಕಿದ್ದು. ಎದೆ ಬಿರಿಯುವ ಹಾಗೆ, ಮಗಳೇ ಮಗಳೇ ಎಂದು ಕೂಗಿ ಕೂಗಿ ಅಳುತ್ತಿದ್ದಳು. ಮೈಕು ಹತ್ತಿರವೇ ಇತ್ತು. ಅಂಗಳಕ್ಕೆಲ್ಲ ಕೇಳಿಸುತ್ತಿತ್ತು.

ಮೇಸ್ತ್ರಿ ದಾಪುಗಾಲು ಹಾಕಿ ಬಂದು ಬಾಗಿಲು ಬಡಿಯಲು ಕೈ ಎತ್ತಿದ. ಆ ಕೈಯನ್ನು ನಾನು ಹಿಡಿದುಕೊಂಡೆ.

"ಒಳಗೆ ಆಳಿದೆ" ಎಂದೆ.